ಇಬ್ಬರ ಸಹಿ ಬೇಕಾದ ಸಂಗೀತ

ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಬಂದವರನ್ನು ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ, "ಐದರ್ ಆರ್ ಸರ್ವೈವರ್ ಬೇಕೋ, ಜಾಯಿಂಟ್ಲಿ ಬೇಕೋ?" ಮೊದಲನೆಯ ಬಗೆಯಲ್ಲಿ ಇಬ್ಬರಲ್ಲಿ ಯಾರೊಬ್ಬರ ಸಹಿ ಇದ್ದರೂ ನಡೆಯುತ್ತದೆ, ಒಬ್ಬರು ತೀರಿಕೊಂಡರೆ ಖಾತೆ ಉಳಿದವರದು. ಎರಡನೆಯ ಬಗೆಯಲ್ಲಿ ಪ್ರತಿ ಚೆಕ್ಕಿಗೂ ಇಬ್ಬರ ಸಹಿ ಬೇಕು. ಒಬ್ಬರು ಇಲ್ಲವಾದರೆ ವ್ಯವಹಾರ ಅಲ್ಲಿಗೇ ನಿಂತುಬಿಡುತ್ತದೆ. ಗಂಡ ಹೆಂಡತಿ ಬಂದರೆ ಮೊದಲನೆಯದನ್ನೇ ಹಾಕಿಸಿ ಅಂತ ನಾವೇ ಹೇಳಿಕೊಡುತ್ತಿದ್ದೆವು. ಸಂಗೀತದಲ್ಲೂ ಈ ಎರಡು ಬಗೆ ಉಂಟು ಅನ್ನುವುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಮುಂಬಯಿಯ ಮುಲುಂಡಿನಲ್ಲಿರುವ ಗೆಳೆಯರೊಬ್ಬರ ಫ್ಲ್ಯಾಟಿನಲ್ಲಿ.

ಈ ಗೆಳೆಯರು ಮೂಲತಃ ಗೋವೆಯವರು. ಒಂದೇ ಶಾಖೆಯ ಮುಂಗಡ ವಿಭಾಗದಲ್ಲಿ ಆರು ವರ್ಷ ಎದುರುಬದುರು ಮೇಜಿನಲ್ಲಿ ಕೂತವರು ನಾವು. ಅವರಿಗೆ ಚಿಕ್ಕಂದಿನಲ್ಲಿ ಚರ್ಚಿನಲ್ಲಿ ವಯೊಲಿನ್ ಪಾಠವಾಗಿತ್ತು. ಅವರ ಭಾವಮೈದುನ ವಯೋಲಾ ನುಡಿಸುತ್ತಿದ್ದರು. ಸುಮಾರು ಮೂವತ್ತು ವರ್ಷ ಪ್ರತಿ ಭಾನುವಾರ, ಚರ್ಚಿನಿಂದ ಬಂದಮೇಲೆ ಊಟದ ಮುಂಚೆ, ಇಬ್ಬರೂ ಕೂತು ಜೊತೆವಾದನ ಮಾಡುತ್ತಿದ್ದರಂತೆ. ಕೇಳುವವರು ಯಾರೂ ಇಲ್ಲ. ಅಡುಗೆಮನೆಯಲ್ಲಿದ್ದವರು ಕೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. 2018ರ ಮಳೆಗಾಲದಲ್ಲಿ ಭಾವಮೈದುನ ತೀರಿಕೊಂಡರು. ಅದಾಗಿ ಕೆಲವು ತಿಂಗಳ ಮೇಲೆ ಗೆಳೆಯರು ಫೋನು ಮಾಡಿ, "ನೀವು ಹುಡುಗರಾಗಿದ್ದಾಗ ಪಿಟೀಲು ಕಲಿತದ್ದುಂಟು ಅಂತ ಹೇಳಿದ್ದಿರಲ್ಲ, ಒಂದು ಸಲ ಬಂದು ಹೋಗಿ" ಅಂದರು. ಹೋದೆ. ಮೇಜಿನ ಮೇಲೆ ವಯೋಲಾ ಇತ್ತು. ಪಕ್ಕದಲ್ಲಿ ಸ್ವರಲಿಪಿಯ ಹಾಳೆಗಳು. ಹಾಳೆಯ ತಲೆಯ ಮೇಲೆ ಬೊಹುಸ್ಲಾವ್ ಮಾರ್ಟಿನೂ ಎಂಬ ಹೆಸರು, ಅದರ ಕೆಳಗೆ 'ಥ್ರೀ ಮ್ಯಾಡ್ರಿಗಲ್ಸ್'. ವಯೊಲಿನ್ ಮತ್ತು ವಯೋಲಾ ಎರಡಕ್ಕೇ ಬರೆದ ಕೃತಿ. ಮೂರು ಭಾಗ, ಒಟ್ಟು ಹದಿನೈದು ಹದಿನಾರು ನಿಮಿಷ.

ಈ ಕೃತಿಯ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಹೊರಟಿದ್ದೇನೆ. ನಾನು ಪಾಶ್ಚಾತ್ಯ ಸಂಗೀತದ ವಿದ್ವಾಂಸನಲ್ಲ. ಎಂ.ಕಾಂ. ಓದಿ ಲೆಕ್ಕ ಬರೆದವನು. ಶಿವಮೊಗ್ಗದಲ್ಲಿ ಏಳು ವರ್ಷ ಪಿಟೀಲು ಕಲಿತು, ವರ್ಣಗಳನ್ನು ದಾಟಿ ಹತ್ತು ಹನ್ನೆರಡು ಕೃತಿಗಳವರೆಗೆ ಬಂದು, ನೌಕರಿ ಸಿಕ್ಕಿದ ವರ್ಷವೇ ಬಿಟ್ಟವನು. ಆದರೂ ಹೊರನಾಡಿನಲ್ಲಿ ಮೂವತ್ತೈದಕ್ಕೂ ಹೆಚ್ಚು ವರ್ಷ ಕಳೆದವನಾಗಿ ಈ ಕೃತಿಯ ಬಗ್ಗೆ ಹೇಳಬೇಕಾದದ್ದು ನನ್ನಲ್ಲಿ ಉಂಟು ಅಂತ ಅನ್ನಿಸುತ್ತದೆ.

ಮೊದಲು ಈ ಮಾರ್ಟಿನೂ ಯಾರು ಅನ್ನುವುದು. ಹುಟ್ಟಿದ್ದು 1890ರ ಡಿಸೆಂಬರಿನಲ್ಲಿ, ಬೊಹೀಮಿಯದ ಪೊಲಿಚ್ಕಾ ಎಂಬ ಸಣ್ಣ ಊರಿನಲ್ಲಿ. ಈಗ ಅದು ಚೆಕ್ ಗಣರಾಜ್ಯ. ಹುಟ್ಟಿದ್ದು ಅಂದರೆ ನೆಲದ ಮೇಲಲ್ಲ, ಚರ್ಚಿನ ಗೋಪುರದ ತುದಿಯಲ್ಲಿ! ತಂದೆ ಚಮ್ಮಾರಿಕೆ ಮಾಡುತ್ತ, ಊರಿಗೆ ಬೆಂಕಿ ಬಿದ್ದರೆ ಗಂಟೆ ಹೊಡೆಯುವ ಕಾವಲುಗಾರನಾಗಿ ಮೇಲೆಯೇ ವಾಸವಿದ್ದರು. ಹನ್ನೊಂದು ವರ್ಷದವರೆಗೆ ಹುಡುಗ ಊರನ್ನು ನೋಡಿದ್ದೆಲ್ಲ ಮೇಲಿನಿಂದ. ಮೊದಲ ವಯೊಲಿನ್ ಪಾಠ ಹೇಳಿದವನು ಊರಿನ ದರ್ಜಿ. ಊರವರು ಹಣ ಕೂಡಿಸಿ ಪ್ರಾಗ್‌ನ ಸಂಗೀತ ಶಾಲೆಗೆ ಕಳಿಸಿದರು. ಅಲ್ಲಿ ನೆಟ್ಟಗೆ ಓದದೆ 1910ರಲ್ಲಿ ಹೊರಹಾಕಿಸಿಕೊಂಡ. ಮುಂದೆ ಚೆಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದಲ್ಲಿ ಎರಡನೆಯ ಸಾಲಿನ ವಯೊಲಿನ್ ವಾದಕನಾದ. ತಂತಿವಾದ್ಯ ಅವನಿಗೆ ಕೈಯಿಂದ ಗೊತ್ತಿತ್ತು ಅನ್ನುವುದನ್ನು ಇಲ್ಲಿ ನೆನಪಿಡಬೇಕು.

1923ರಲ್ಲಿ ಪ್ಯಾರಿಸ್ಸಿಗೆ ಹೋದವನು ಅಲ್ಲೇ ಹದಿನೇಳು ವರ್ಷ ಉಳಿದ. ಆ ಪ್ಯಾರಿಸ್ಸಿನಲ್ಲಿ ಆಗ 'ನವಶಾಸ್ತ್ರೀಯ' ಎಂದು ಕರೆಯಲಾಗುವ ಗಾಳಿ ಬೀಸುತ್ತಿತ್ತು. ಸ್ಟ್ರಾವಿನ್‌ಸ್ಕಿ 1920ರಲ್ಲಿ 'ಪುಲ್ಚಿನೆಲ್ಲಾ' ಮಾಡಿ, ಹದಿನೆಂಟನೆಯ ಶತಮಾನದ ಸ್ವರಗಳನ್ನೇ ಎತ್ತಿಕೊಂಡು ಹೊಸ ಮಾತನ್ನಾಡಬಹುದು ಎಂದು ತೋರಿಸಿದ್ದ. ಭಾವೋದ್ರೇಕದ ದೊಡ್ಡ ದೊಡ್ಡ ವಾದ್ಯವೃಂದಗಳಿಂದ ದಣಿದ ಕಿವಿಗಳಿಗೆ ಹಳೆಯ ಅಚ್ಚುಗಳ ಸ್ಪಷ್ಟತೆ, ಮಿತವ್ಯಯ ಹಿತವಾಗಿತ್ತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಹಳೆಯ ಛಂದಸ್ಸಿನಲ್ಲಿ ಹೊಸ ಬದುಕನ್ನು ಬರೆದಂತೆ. ಷಟ್ಪದಿಯ ಮಾತ್ರೆಗಳ ಲೆಕ್ಕ ಇದ್ದೇ ಇರುತ್ತದೆ, ಒಳಗೆ ಲೋಕಲ್ ಟ್ರೈನು ಓಡುತ್ತಿರುತ್ತದೆ. ಮಾರ್ಟಿನೂಗೆ ಈ ದಾರಿ ಒಗ್ಗಿತು.

1940ರ ಜೂನಿನಲ್ಲಿ ನಾಜಿ ಸೈನ್ಯ ಪ್ಯಾರಿಸ್ಸಿಗೆ ಬರುವ ಮುನ್ನ ಹೆಂಡತಿಯನ್ನು ಕರೆದುಕೊಂಡು ಓಡಿದ. 1941ರಲ್ಲಿ ನ್ಯೂಯಾರ್ಕ್ ಸೇರಿದ. ಅಲ್ಲಿ 1942ರಿಂದ 1946ರವರೆಗೆ ವರ್ಷಕ್ಕೊಂದರಂತೆ ಐದು ಸಿಂಫನಿ ಬರೆದ. 1946ರ ಜುಲೈಯಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಎಂಬ ಊರಿನಲ್ಲಿ ಪಾಠ ಹೇಳಲು ಹೋಗಿದ್ದಾಗ, ರಾತ್ರಿ ಹೊತ್ತು ಕಟಕಟೆಯಿಲ್ಲದ ಬಿಸಿಲುಮಚ್ಚಿನಿಂದ ಕೆಳಗೆ ಬಿದ್ದು ತಲೆಬುರುಡೆ ಬಿರಿಯಿತು. ಗೋಪುರದ ತುದಿಯಲ್ಲಿ ಬೆಳೆದವನು! ಪ್ರಾಣ ಉಳಿಯಿತು. ಆದರೆ ಕಿವಿ ಮಂದವಾಯಿತು, ಕಿವಿಯೊಳಗೆ ಸದ್ದು, ನಡೆದರೆ ತೂಕ ತಪ್ಪುವುದು. ತಿಂಗಳುಗಟ್ಟಲೆ ಬರವಣಿಗೆ ನಿಂತಿತು. ಮತ್ತೆ ಕೂತು ಬರೆಯತೊಡಗಿದಾಗ ಸಿಂಫನಿಗೆ ಕೈಹಾಕಲಿಲ್ಲ. ನಾಲ್ಕು ವಾದ್ಯ, ಎರಡು ವಾದ್ಯ, ಹೀಗೆ ಸಣ್ಣ ಸಣ್ಣವನ್ನು ಬರೆದ. 1947ರ ಈ ಮ್ಯಾಡ್ರಿಗಲ್‌ಗಳು ಆ ಕಾಲದವು.

ಬರೆಯಲು ಕಾರಣ ಇಬ್ಬರು ಸ್ನೇಹಿತರು. ಜೋಸೆಫ್ ಫುಕ್ಸ್ ವಯೊಲಿನ್, ಅವನ ತಂಗಿ ಲಿಲಿಯನ್ ಫುಕ್ಸ್ ವಯೋಲಾ. ಇಬ್ಬರೂ ನ್ಯೂಯಾರ್ಕಿನವರು. ಜೋಸೆಫ್ ಹಿಂದೆ ಕ್ಲೀವ್‌ಲ್ಯಾಂಡ್ ವಾದ್ಯವೃಂದದ ಮೊದಲ ಪೀಠದಲ್ಲಿ ಕೂತವನು. ಲಿಲಿಯನ್ ಮುಂದೆ ಬಾಖ್‌ನ ಚೆಲ್ಲೋ ಸ್ವೀಟುಗಳನ್ನು ವಯೋಲಾದಲ್ಲಿ ನುಡಿಸಿ ಮುದ್ರಿಸಿದವಳು. ಇವರಿಬ್ಬರೂ ಮೊಜಾರ್ಟ್‌ನ ಬಿ-ಫ್ಲ್ಯಾಟ್ ಜೊತೆವಾದನವನ್ನು ನುಡಿಸಿದ್ದನ್ನು ಕೇಳಿ ಮನಸೋತ ಮಾರ್ಟಿನೂ, ಅವರಿಗೇ ಅಂತ ಈ ಮೂರು ಭಾಗಗಳನ್ನು ಬರೆದು ಅರ್ಪಿಸಿದ. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ಅವರೇ ಮೊದಲ ಸಲ ನುಡಿಸಿದರು. ಸ್ನೇಹ ಅಲ್ಲಿಗೆ ಮುಗಿಯಲಿಲ್ಲ. 1955ರ ವಯೋಲಾ ಸೊನಾಟಾ ಕೂಡ ಲಿಲಿಯನ್‌ಗೇ ಅರ್ಪಿತ.

ಆ ಮೊಜಾರ್ಟ್ ಕೃತಿಗೂ ಒಂದು ಸ್ನೇಹದ ಕತೆ ಇದೆ. 1783ರಲ್ಲಿ ವಿಯೆನ್ನಾದಿಂದ ಹುಟ್ಟೂರು ಸಾಲ್ಜ್‌ಬರ್ಗಿಗೆ ಬಂದಿದ್ದಾಗ, ಅಲ್ಲಿಯ ಮೈಕೆಲ್ ಹೈಡನ್ ಎಂಬ ಸಂಗೀತಗಾರ ಕಾಯಿಲೆ ಮಲಗಿದ್ದನಂತೆ. ಧಣಿಗೆ ಆರು ಜೊತೆವಾದನ ಕೊಡಬೇಕು, ನಾಲ್ಕೇ ಆಗಿವೆ. ಉಳಿದೆರಡನ್ನು ಮೊಜಾರ್ಟ್ ಬರೆದುಕೊಟ್ಟನೆಂದು ಹೇಳುತ್ತಾರೆ. ಗೆಳೆಯನ ಕೆಲಸ ಉಳಿಸಲು ಬರೆದದ್ದು, ನೂರ ಅರವತ್ತು ವರ್ಷ ದಾಟಿ, ಸಮುದ್ರ ದಾಟಿ, ಇನ್ನೊಬ್ಬ ಊರುಬಿಟ್ಟವನ ಕಿವಿಗೆ ಬಿತ್ತು.

ಇನ್ನು ಕೃತಿಯ ಒಳಕ್ಕೆ ಹೋಗೋಣ. ಮ್ಯಾಡ್ರಿಗಲ್ ಎಂದರೆ ಹದಿನಾರನೆಯ ಶತಮಾನದ ಹೊತ್ತಿಗೆ ಇಟಲಿಯಲ್ಲಿ, ಆಮೇಲೆ ಇಂಗ್ಲೆಂಡಿನಲ್ಲಿ ಬೆಳೆದ ಒಂದು ಹಾಡುಗಬ್ಬ. ನಾಲ್ಕೈದು ಜನ ಮೇಜಿನ ಸುತ್ತ ಕೂತು ಹಾಡುವುದು. ಪ್ರತಿಯೊಬ್ಬರಿಗೂ ಬೇರೆ ಬೇರೆ ಸ್ವರಸಾಲು. ಮುಖ್ಯ ಗಾಯಕ, ಹಿಮ್ಮೇಳ ಅಂತ ಭೇದವಿಲ್ಲ. ಮಾರ್ಟಿನೂ ಪ್ರಾಗ್‌ನಲ್ಲಿದ್ದಾಗಲೇ ಒಂದು ಇಂಗ್ಲಿಷ್ ಗಾಯಕ ತಂಡದಿಂದ ಇವನ್ನು ಕೇಳಿ ಮರುಳಾಗಿದ್ದ. ಮಾತಿಲ್ಲದ ವಾದ್ಯಗಳಿಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲಂಕಾರಕ್ಕಲ್ಲ. ಇಬ್ಬರೂ ಸಮಾನರು ಅನ್ನುವ ಕರಾರು ಆ ಹೆಸರಿನಲ್ಲೇ ಇದೆ.

ಮೊದಲ ಭಾಗದಲ್ಲಿ ಈ ಕರಾರು ಕೂಡಲೇ ಜಾರಿಗೆ ಬರುತ್ತದೆ. ವಯೊಲಿನ್ ಒಂದು ಮಾತು ತೆಗೆಯುತ್ತದೆ, ಅದು ಮುಗಿಯುವ ಮುಂಚೆ ವಯೋಲಾ ಎತ್ತಿಕೊಳ್ಳುತ್ತದೆ. ಒತ್ತು ಬೀಳಬೇಕಾದ ಕಡೆ ಬೀಳದೆ ಅರ್ಧ ಹೆಜ್ಜೆ ಮುಂಚೆಯೋ ಆಮೇಲೆಯೋ ಬೀಳುತ್ತದೆ. ನಮ್ಮ ತಾಳದ ಅಭ್ಯಾಸವಿದ್ದವರಿಗೆ ಅತೀತ, ಅನಾಗತ ಎಂದರೆ ಥಟ್ಟನೆ ಹೊಳೆಯುತ್ತದೆ. ವ್ಯತ್ಯಾಸವೆಂದರೆ, ನಮ್ಮಲ್ಲಿ ತಾಳ ಹಾಕುವ ಕೈಯೊಂದು ಎದುರಿಗೆ ಇರುತ್ತದೆ. ಇಲ್ಲಿ ಆ ಕೈಯಿಲ್ಲ. ತಾಳ ಇಬ್ಬರ ನಡುವಿನ ನಂಬಿಕೆಯಲ್ಲಿದೆ. ಒಬ್ಬ ಎಡವಿದರೆ ಇನ್ನೊಬ್ಬನಿಗೂ ನೆಲವಿಲ್ಲ.

ಎರಡನೆಯ ಭಾಗ ನಿಧಾನ. ತಂತಿಯ ಕುದುರೆಗೆ ಸಣ್ಣ ಬಿರಡೆ ಸಿಕ್ಕಿಸಿ ದನಿಯನ್ನು ಮೆತ್ತಗೆ ಮಾಡಿಕೊಂಡು ನುಡಿಸುವುದು. ಸ್ವರಗಳು ಕಂಪಿಸುತ್ತವೆ, ನಡುಗುತ್ತವೆ, ಒಬ್ಬರ ಕಂಪನದ ಮೇಲೆ ಇನ್ನೊಬ್ಬರು ಹಾದುಹೋಗುತ್ತಾರೆ. ಮುಂಜಾವದ ಮಂಜಿನಲ್ಲಿ ಆಗುಂಬೆ ಘಾಟಿ ಇಳಿದಂತೆ ಅಂತ ನಾನು ಮೊದಲ ಸಲ ಕೇಳಿದಾಗ ಚೀಟಿಯಲ್ಲಿ ಬರೆದುಕೊಂಡಿದ್ದೆ. ಈಗ ಅದನ್ನು ಹೊಡೆದುಹಾಕಿದ್ದೇನೆ. ಯಾಕೆಂದು ಮುಂದೆ ಹೇಳುತ್ತೇನೆ. ಇಡೀ ಕೃತಿಯಲ್ಲಿ ಇದೇ ಶ್ರೇಷ್ಠ ಭಾಗ ಎಂದು ನನ್ನ ಅಭಿಪ್ರಾಯ. ಎಂಟೇ ತಂತಿಗಳಿಂದ ಇಷ್ಟು ಬೆಳಕು, ಇಷ್ಟು ನೆರಳು ಬರುತ್ತದೆ ಅನ್ನುವುದೇ ಸೋಜಿಗ.

ಮೂರನೆಯ ಭಾಗ ಮತ್ತೆ ವೇಗ. ಹಳೆಯ ಬರೋಕ್ ಕಾಲದ ಠೀವಿಯ ಓಟ, ಅದರೊಳಗೆ ಹಳ್ಳಿಯ ಕುಣಿತದ ಕಾಲು. ಇಲ್ಲಿ ನನ್ನದೊಂದು ತಕರಾರಿದೆ. ಕೆಲವು ಕಡೆ ಸ್ವರಗಳು ಓಡುವುದಕ್ಕೋಸ್ಕರವೇ ಓಡುತ್ತವೆ. ಮಾರ್ಟಿನೂ ರಾಶಿ ರಾಶಿ ಬರೆದವನು, ಅವನ ಕೃತಿಗಳು ನಾನೂರಕ್ಕೆ ಸಮೀಪ. ಅಷ್ಟು ಬರೆಯುವ ಕೈಗೆ ಒಂದು ಅಭ್ಯಾಸಬಲ ಬಂದಿರುತ್ತದೆ. ನಮ್ಮ ಬ್ಯಾಂಕಿನ ಹಳೆಯ ಹೆಡ್ ಕ್ಲಾರ್ಕುಗಳು ಕಣ್ಣು ಮುಚ್ಚಿ ಕೂಡಿಸುತ್ತಿದ್ದರಲ್ಲ, ಹಾಗೆ. ಮೊತ್ತ ತಪ್ಪುವುದಿಲ್ಲ, ಆದರೆ ಅವರು ಆ ಅಂಕಿಗಳನ್ನು ನೋಡುತ್ತಲೂ ಇರಲಿಲ್ಲ. ಇದೇ ಬಗೆಯ ಇನ್ನೊಂದು ಹೆಸರಾದ ಕೃತಿ ರಾವೆಲ್‌ನ ವಯೊಲಿನ್-ಚೆಲ್ಲೋ ಸೊನಾಟಾ. ಅದು 1922ರದು, ಡೆಬ್ಯುಸ್ಸಿಯ ನೆನಪಿಗೆ ಬರೆದದ್ದು. ಅಲ್ಲಿ ಹೀಗೆ ಸರಾಗ ಓಡುವ ಒಂದು ಸಾಲೂ ಇಲ್ಲ. ಎರಡು ವಾದ್ಯ ಒಂದನ್ನೊಂದು ಕೆಣಕುತ್ತ, ಎಲುಬು ಕಾಣುವಷ್ಟು ಬರಡಾಗಿ ನಿಲ್ಲುತ್ತವೆ. ಕಲೆಯ ಗಟ್ಟಿತನದಲ್ಲಿ ರಾವೆಲ್ ಒಂದು ಕೈ ಮೇಲು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ರಾವೆಲ್‌ನದನ್ನು ಕೇಳಿದ ಮೇಲೆ ಮೆಚ್ಚುಗೆಯಾಗುತ್ತದೆ. ಮಾರ್ಟಿನೂನದನ್ನು ಕೇಳಿದ ಮೇಲೆ ಯಾರನ್ನಾದರೂ ಜೊತೆಗೆ ಕೂರಿಸಿಕೊಳ್ಳಬೇಕು ಅನ್ನಿಸುತ್ತದೆ. ಭಾನುವಾರ ಬೆಳಗಿನ ಗೆಳೆಯರಿಗೆ ಇದೇ ಹೆಚ್ಚು ಬೇಕಾದದ್ದು.

ಈಗ ಆ ಆಗುಂಬೆಯ ವಿಷಯ. ಮಾರ್ಟಿನೂ ಬಗ್ಗೆ ಬರೆದವರು ಸಾಮಾನ್ಯವಾಗಿ ಹೇಳುವ ಒಂದು ಮಾತಿದೆ: ಇವನ ಅಮೆರಿಕದ ದಿನಗಳ ಸಂಗೀತವೆಲ್ಲ ತಾಯ್ನಾಡಿನ ಹಂಬಲ. ಕೇಳುವುದಕ್ಕೆ ಚೆನ್ನಾಗಿರುತ್ತದೆ. ಹೊರನಾಡಿನವರಾದ ನಮಗಂತೂ ಕಣ್ಣು ತೇವವಾಗುತ್ತದೆ. ಆದರೆ ಈ ಕೃತಿಯ ಮಟ್ಟಿಗೆ ಆ ಮಾತು ಅಷ್ಟಾಗಿ ಸರಿಯಲ್ಲ ಅಂತ ನನ್ನ ವಾದ. 1947ರಲ್ಲಿ ಅವನಿಗೆ ಊರಿನ ಬಾಗಿಲು ಇನ್ನೂ ಮುಚ್ಚಿರಲಿಲ್ಲ. ಯುದ್ಧ ಮುಗಿದಿತ್ತು. ಬಾಗಿಲು ಮುಚ್ಚಿದ್ದು 1948ರ ಫೆಬ್ರವರಿಯಲ್ಲಿ, ಅಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಮೇಲೆ. ಅವನು 1938ರಲ್ಲಿ ಊರು ನೋಡಿದ್ದೇ ಕೊನೆ, ಮತ್ತೆ ನೋಡಲೇ ಇಲ್ಲ. 1959ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡ. ಅಸ್ಥಿ ಪೊಲಿಚ್ಕಾಗೆ ಬಂದದ್ದು 1979ರಲ್ಲಿ. ಇದೆಲ್ಲ ನಮಗೆ ಗೊತ್ತು, ಅವನಿಗೆ ಆಗ ಗೊತ್ತಿರಲಿಲ್ಲ. ಮುಂದಾದ ದುಃಖವನ್ನು ಹಿಂದಿನ ತಾರೀಖಿಗೆ ಜಮಾ ಮಾಡುವುದು ಲೆಕ್ಕದಲ್ಲೂ ತಪ್ಪು, ವಿಮರ್ಶೆಯಲ್ಲೂ ತಪ್ಪು.

ಹಾಗಾದರೆ ಅಲ್ಲಿ ಇರುವುದೇನು? ಊರು ಖಂಡಿತ ಇದೆ. ಕುಣಿತದ ಕಾಲಿನಲ್ಲಿ ಇದೆ. ಆದರೆ ಅದನ್ನು ನೆನೆದು ಅಳುವುದಿಲ್ಲ. ತಲೆ ಒಡೆದುಕೊಂಡು, ಕಿವಿ ಕೆಟ್ಟು, ನಡೆದರೆ ತೂಗಾಡುವ ಐವತ್ತಾರು ವರ್ಷದ ಒಬ್ಬ ಮನುಷ್ಯ, ಪರವೂರಿನಲ್ಲಿ ತನಗೆ ಸಿಕ್ಕಿದ ಇಬ್ಬರು ಒಳ್ಳೆಯ ಸ್ನೇಹಿತರ ಕೈ ಎಷ್ಟು ದೂರ ಹೋಗುತ್ತದೆ, ಯಾವ ತಂತಿಯಲ್ಲಿ ಅವಳ ದನಿ ಕಪ್ಪಗೆ ಮಿಂಚುತ್ತದೆ, ಯಾವ ಏರಿಕೆಯಲ್ಲಿ ಅವನ ಬಿಲ್ಲು ಹಾರುತ್ತದೆ ಎಂದು ಲಕ್ಷ್ಯವಿಟ್ಟು ಕೇಳಿ, ಅದಕ್ಕೆ ತಕ್ಕಂತೆ ಬಟ್ಟೆ ಹೊಲಿಯುತ್ತಾನೆ. ಮೊದಲ ಪಾಠ ಹೇಳಿದವನು ದರ್ಜಿ ಅಲ್ಲವೇ! ಹಳೆಯ ಅಚ್ಚು ಅವನಿಗೆ ಊರಿನಿಂದ ತಂದ ಸ್ಮಾರಕವಲ್ಲ. ಮ್ಯಾಡ್ರಿಗಲ್ ಇಂಗ್ಲೆಂಡಿನದು, ಮೊಜಾರ್ಟ್ ಆಸ್ಟ್ರಿಯದವನು, ನವಶಾಸ್ತ್ರೀಯ ರುಚಿ ಪ್ಯಾರಿಸ್ಸಿನದು. ಊರೂರು ತಿರುಗಿದವನು ದಾರಿಯಲ್ಲಿ ಸಿಕ್ಕಿದ ಪಾತ್ರೆಗಳನ್ನೇ ತೊಳೆದು ಅಡುಗೆ ಮಾಡಿದ್ದಾನೆ. ಬಡಿಸಿದ್ದು ಎದುರಿಗೆ ಕೂತವರಿಗೆ.

ಒಳನಾಡಿನ ಓದುಗರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಎಲ್ಲಿಯ ಬೊಹೀಮಿಯ, ಎಲ್ಲಿಯ ಮುಂಬಯಿ, ಇದಕ್ಕೂ ನಮಗೂ ಏನು? ಸಂಬಂಧ ಇದೆ. ನಿಮ್ಮ ಮನೆಯಲ್ಲೂ ಒಂದು ಕಾಲಕ್ಕೆ ದಿನಾ ಬೆಳಗ್ಗೆ ಅದು ಕೇಳಿಬರುತ್ತಿತ್ತು. ಆಕಾಶವಾಣಿ ಪ್ರಸಾರ ಶುರುವಾಗುವ ಮುಂಚೆ, ತಂಬೂರಿಯ ಮೇಲೆ ಒಂಟಿ ವಯೊಲಿನ್‌ನಲ್ಲಿ ಬರುವ ಆ ಸಂಕೇತ ರಾಗ ನೆನಪಿದೆಯಲ್ಲ? ಅದನ್ನು ಮಾಡಿದವನು ವಾಲ್ಟರ್ ಕೌಫ್‌ಮನ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅವನೂ ಬೊಹೀಮಿಯದವನೇ, 1907ರಲ್ಲಿ ಕಾರ್ಲ್ಸ್‌ಬಾದ್‌ನಲ್ಲಿ ಹುಟ್ಟಿದ ಯಹೂದಿ. ಹಿಟ್ಲರನ ಕಾಲಕ್ಕೆ ಯೂರೋಪು ಬಿಟ್ಟು 1934ರಲ್ಲಿ ಮುಂಬಯಿಗೆ ಬಂದ. ಬಂದ ಕೆಲವೇ ತಿಂಗಳಲ್ಲಿ ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿ ಕಟ್ಟಿದ. ಕೌಫ್‌ಮನ್ ಪಿಯಾನೊ, ಮೆಹ್ಲಿ ಮೆಹ್ತಾ ವಯೊಲಿನ್ (ಜುಬಿನ್ ಮೆಹ್ತಾ ಅವರ ತಂದೆ), ಜೊತೆಗೆ ಒಬ್ಬ ಇಟಲಿಯ ಚೆಲ್ಲೋ ವಾದಕ. ಹೀಗೆ ಸಿಕ್ಕ ಕೈಗಳೇ ಅವನ ಬಂಡವಾಳ. ಇಲ್ಲಿದ್ದಾಗ ಬರೆದ ಅವನ ತಂತಿವಾದ್ಯದ ಕೃತಿಗಳಲ್ಲಿ ನಮ್ಮ ರಾಗಗಳ ನಡೆ ಸೇರಿಕೊಂಡಿತು. ಮೊದಮೊದಲು ಅವನಿಗೆ ಭಾರತೀಯ ಸಂಗೀತ ತಲೆಗೇ ಹತ್ತಲಿಲ್ಲವಂತೆ. ಇಷ್ಟು ಜನ ಹೃದಯವಿದ್ದವರು ಪ್ರೀತಿಸುವುದು ನನಗೆ ತಿಳಿಯದಿದ್ದರೆ ದೋಷ ನನ್ನದೇ ಇರಬೇಕು ಎಂದುಕೊಂಡು ಕೂತು ಕಲಿತ. 1946ರಲ್ಲಿ ಇಲ್ಲಿಂದ ಹೊರಟು, ಕೊನೆಗೆ ಅಮೆರಿಕ ಸೇರಿ, 1976ರಲ್ಲಿ ದಕ್ಷಿಣ ಭಾರತದ ರಾಗಗಳ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಬಹುಕಾಲ ಮರೆತುಹೋಗಿದ್ದ ಅವನ ಕೃತಿಗಳ ಒಂದು ಧ್ವನಿಮುದ್ರಿಕೆ 2020ರಲ್ಲಿ ಬಂದಿದೆ.

ಇನ್ನೂ ಹೇಳಬೇಕೆಂದರೆ ಪಿಟೀಲೇ ನಮ್ಮಲ್ಲಿ ಪರವೂರಿನಿಂದ ಬಂದದ್ದು. ಬಾಲುಸ್ವಾಮಿ ದೀಕ್ಷಿತರಂಥವರು ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಅದನ್ನು ಕಲಿತು ಕರ್ನಾಟಕ ಸಂಗೀತದ ಮಡಿಲಿಗೆ ಹಾಕಿದರು. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಇನ್ನೊಂದು ದಿಕ್ಕಿನಿಂದ ಇದೇ ಕೆಲಸ ಮಾಡಿದರು: ಲಂಡನ್ನಿನಲ್ಲಿ ದೇಶಬಿಟ್ಟು ಬಡತನದಲ್ಲಿದ್ದ ರಷ್ಯದ ಮೆಡ್ಟ್‌ನರನ ಸಂಗೀತ ಮುದ್ರಿಸಲು ಹಣ ಕೊಟ್ಟರು, ಅವನು ತನ್ನ ಮೂರನೆಯ ಪಿಯಾನೊ ಕಂಚರ್ಟೋವನ್ನು ಮಹಾರಾಜರಿಗೆ ಅರ್ಪಿಸಿದ. ಆದ್ದರಿಂದ ಇದು ನಮಗೆ ಸಂಬಂಧವಿಲ್ಲದ್ದು ಎಂದು ಕನ್ನಡಿಗರು ಹೇಳುವಂತಿಲ್ಲ.

ಇಷ್ಟೆಲ್ಲ ಓದಿ ತಿಳಿದದ್ದು ಆಮೇಲೆ. ಮುಲುಂಡಿನ ಆ ದಿನ ನನಗೆ ಗೊತ್ತಿದ್ದದ್ದು ಭಯ ಮಾತ್ರ. ವಯೋಲಾ ಪಿಟೀಲಿಗಿಂತ ದೊಡ್ಡದು, ಭಾರ. ಪಿಟೀಲಿನ ಮೇಲಿನ ತಂತಿ ಇದರಲ್ಲಿಲ್ಲ, ಬದಲಿಗೆ ಕೆಳಗೆ ಒಂದು ಗಡಸು ತಂತಿ ಹೆಚ್ಚು. ನಾವು ನೆಲದ ಮೇಲೆ ಚಕ್ಕಳಮಕ್ಕಳ ಕೂತು ವಾದ್ಯದ ತಲೆಯನ್ನು ಕಾಲಿನ ಮೇಲಿಟ್ಟು ನುಡಿಸುವವರು. ಅವರು ಕುರ್ಚಿಯಲ್ಲಿ ಕೂತು ಗದ್ದದ ಕೆಳಗೆ ಅವುಚಿಕೊಳ್ಳುವವರು. ಸ್ವರಲಿಪಿಯೂ ವಯೊಲಿನ್‌ನದಲ್ಲ, ವಯೋಲಾಗೆ ಬೇರೆಯೇ ಗುರುತು. ಗೆಳೆಯರು ಪ್ರತಿ ಸ್ವರದ ಕೆಳಗೆ ನನಗಾಗಿ ಸ ರಿ ಗ ಬರೆದುಕೊಟ್ಟರು. ಎರಡನೆಯ ಭಾಗದಿಂದ ನಿಧಾನವಾದ ಹದಿನಾರು ಸಾಲಂಕಣ ಆರಿಸಿದರು. ಅಷ್ಟಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಕಷ್ಟ ಬೆರಳಿನದಲ್ಲ, ಕಿವಿಯದು. ಪಕ್ಕವಾದ್ಯದ ಪಿಟೀಲು ಗಾಯಕನನ್ನು ನೆರಳಿನಂತೆ ಹಿಂಬಾಲಿಸಬೇಕು ಅಂತ ನಮ್ಮ ಮೇಷ್ಟರು ಏಳು ವರ್ಷ ಹೇಳಿಕೊಟ್ಟಿದ್ದರು. ಪಿಟೀಲು ಜೋಡಿಗಳು ನಮ್ಮಲ್ಲೂ ಇವೆ; ಮೈಸೂರಿನ ನಾಗರಾಜ್-ಮಂಜುನಾಥ್ ಸಹೋದರರ ಕಛೇರಿ ಕೇಳಿದವರಿಗೆ ಗೊತ್ತು. ಅಲ್ಲಿ ಹೆಚ್ಚುಪಾಲು ಇಬ್ಬರೂ ಕೂಡಿ ಒಂದೇ ಕೃತಿಯ ಒಂದೇ ದಾರಿಯಲ್ಲಿ ನಡೆಯುತ್ತಾರೆ, ಕಲ್ಪನಾಸ್ವರ ಬಂದಾಗ ಸರದಿ. ಅದರ ಚೆಲುವೇ ಆ ಒಂದಾಗುವಿಕೆ. ಇಲ್ಲಿ ಒಂದಾದರೆ ತಪ್ಪು! ಗೆಳೆಯರು ಮೇಲೆ ಹೋದಾಗ ನನ್ನ ಕೈ ತಾನಾಗಿ ಅವರ ಹಿಂದೆ ಹೋಗುತ್ತಿತ್ತು. "ನನ್ನನ್ನು ಕೇಳಿ, ಆದರೆ ನನ್ನ ಹಿಂದೆ ಬರಬೇಡಿ" ಅಂತ ಅವರು ಎಷ್ಟು ಸಲ ಹೇಳಿದರೋ. ನನ್ನ ಬೆರಳಿನ ಗಮಕವೂ ಅಲ್ಲಿ ಸಲ್ಲುವುದಿಲ್ಲ. ಸ್ವರ ಅಲ್ಲಾಡಿದರೆ ಎರಡು ಸ್ವರ ಕೂಡಿ ಹುಟ್ಟುವ ಮೂರನೆಯ ನಾದ ಕೆಟ್ಟುಹೋಗುತ್ತದೆ. ಮೊದಲ ಭಾನುವಾರ ಜೊತೆಗೆ ಬಂದಿದ್ದ ನನ್ನಾಕೆ, ಅರ್ಧ ಗಂಟೆ ಸುಮ್ಮನೆ ಕೂತಿದ್ದು, "ಇದೇನ್ರೀ, ಇನ್ನೂ ಶ್ರುತಿ ಸೇರಿಸ್ತಾನೇ ಇದೀರಾ? ಶುರು ಯಾವಾಗ?" ಅಂದಳು.

ನಾನು ಪಕ್ಕದವರನ್ನು ಕೇಳುತ್ತ, ಅವರ ಹಿಂದೆ ಹೋಗದೆ, ನನ್ನ ಸಾಲಿನಲ್ಲೇ ಇರುವುದನ್ನು ಅರವತ್ತು ದಾಟಿದ ಮೇಲೆ ಕಲಿಯುತ್ತಿದ್ದೆ. ಹೊರನಾಡಿನ ಬದುಕಿನಲ್ಲಿ ಇದನ್ನು ಎಷ್ಟೋ ಮೊದಲೇ ಕಲಿಯಬೇಕಿತ್ತು ಅಂತ ಆಗ ಅನ್ನಿಸಿತು. ಇಷ್ಟು ವರ್ಷ ನಾವು ಮಾಡಿದ್ದೇನು? ಕಚೇರಿಯಲ್ಲಿ ಪೂರಾ ಮುಂಬಯಿಯವರ ಹಿಂದೆ ಹೋದೆವು, ಅವರ ಹಿಂದಿ, ಅವರ ಮರಾಠಿ, ಅವರ ವಡಾಪಾವ್. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಕನ್ನಡದವರು ಸೇರಿ, ಕ್ಯಾಸೆಟ್ಟಿನ ಕಾಲದಲ್ಲಿ ಕಲಿತ ಅವೇ ನಾಲ್ಕು ಹಾಡು ಹಾಡಿ, ಕಣ್ಣೊರೆಸಿಕೊಂಡು, ಬಿಸಿಬೇಳೆಭಾತು ತಿಂದು ಮನೆಗೆ ಬಂದೆವು. ನಾನೂ ಅದರಲ್ಲಿ ಕಾರ್ಯಕಾರಿ ಸಮಿತಿಯವನೇ, ಅದರ ಖಜಾಂಚಿಯೂ ಆಗಿದ್ದೆ; ಹಾಗಾಗಿ ಬೇರೆಯವರನ್ನು ದೂರುತ್ತಿಲ್ಲ. ಒಂದು ಸಲವಾದರೂ, ನಮ್ಮ ನಡುವೆ ಇರುವ ಇಂಥವರ ಕೊರಳಿಗೆ, ಇಂಥ ಹುಡುಗಿಯ ಕೈಗೆ ಅಂತ ಹೊಸದೊಂದನ್ನು ಮಾಡಿಸಿದ್ದುಂಟೇ? ನನಗೆ ನೆನಪಿಲ್ಲ. ಹಳೆಯ ಅಚ್ಚು ಇಟ್ಟುಕೊಂಡದ್ದು ತಪ್ಪಲ್ಲ. ಅದರಲ್ಲಿ ಏನನ್ನೂ ಎರೆಯದೆ ಒರೆಸಿ ಒರೆಸಿ ಇಟ್ಟದ್ದು ತಪ್ಪು. ಆಗುಂಬೆಯ ಮಂಜು ಅಂತ ನಾನು ಬರೆದುಕೊಂಡಿದ್ದನ್ನು ಹೊಡೆದುಹಾಕಿದ್ದು ಇದಕ್ಕೇ. ಬೊಹೀಮಿಯದವನೊಬ್ಬ ನ್ಯೂಯಾರ್ಕಿನ ಇಬ್ಬರಿಗಾಗಿ ಬರೆದದ್ದನ್ನು, ಗೋವೆಯವರೊಬ್ಬರು ಮುಲುಂಡಿನಲ್ಲಿ ನನ್ನ ಕೈಗೆ ಕೊಟ್ಟಾಗಲೂ ನಾನು ಕೇಳಿಸಿಕೊಂಡದ್ದು ನನ್ನ ಊರನ್ನೇ. ಎದುರಿಗಿದ್ದವರನ್ನು ಕೇಳಿರಲೇ ಇಲ್ಲ.

ಈ ಕೃತಿಯ ಧ್ವನಿಮುದ್ರಿಕೆಗಳು ಸಿಗುತ್ತವೆ, ಫುಕ್ಸ್ ಅಣ್ಣತಂಗಿಯರದೇ ಒಂದು ಹಳೆಯ ಮುದ್ರಿಕೆಯೂ ಇದೆ. ಸಾಧ್ಯವಾದವರು ಎರಡನೆಯ ಭಾಗವನ್ನು ಮೊದಲು ಕೇಳಿ. ಒಂದು ಸಲ ಮೇಲಿನ ದನಿಯನ್ನು ಹಿಡಿದುಕೊಂಡು ಹೋಗಿ, ಇನ್ನೊಂದು ಸಲ ಕೆಳಗಿನದನ್ನು. ಮೂರನೆಯ ಸಲ ಎರಡೂ ಕೂಡಿ ಕೇಳಿಸತೊಡಗುತ್ತವೆ. ಅವಸರ ಬೇಡ.

ನನ್ನ ಎದುರಿಗಿರುವ ವಯೋಲಾ ಹಾಳೆಯ ಮೇಲೆ ಗೆಳೆಯರ ಭಾವಮೈದುನ ಪೆನ್ಸಿಲ್ಲಿನಲ್ಲಿ ಮಾಡಿಕೊಂಡ ಗುರುತುಗಳಿವೆ. ಇಲ್ಲಿ ಬಿಲ್ಲು ಮೇಲಕ್ಕೆ, ಇಲ್ಲಿ ಕೆಳಕ್ಕೆ, ಇಲ್ಲಿ ಉಸಿರು. ಒಂದು ಕಡೆ ಇಂಗ್ಲಿಷಿನಲ್ಲಿ 'ಅವನಿಗಾಗಿ ಕಾಯಿ' ಅಂತ ಬರೆದುಕೊಂಡಿದ್ದಾರೆ. ಸ ರಿ ಗ ಬರೆಯುವಾಗ ಗೆಳೆಯರು ಅವನ್ನು ಅಳಿಸಲು ರಬ್ಬರು ತೆಗೆದಿದ್ದರು, ನಾನೇ ಬೇಡ ಅಂದೆ. ಹದಿನಾರು ಸಾಲಂಕಣವನ್ನು ಆ ಗುರುತುಗಳ ಪ್ರಕಾರವೇ ನುಡಿಸುತ್ತೇನೆ, ಆ ಜಾಗ ಬಂದಾಗ ಕಾಯುತ್ತೇನೆ. ಸಹಿ ನನ್ನದಾದರೂ ಖಾತೆ ಅವರಿಬ್ಬರದೇ ಅನ್ನುವುದು ನನಗೆ ಗೊತ್ತು. ಹದಿನೇಳನೆಯದಕ್ಕೆ ಹೋಗುವ ಧೈರ್ಯ ಇನ್ನೂ ಬಂದಿಲ್ಲ. ಕಳೆದ ತಿಂಗಳು ನನ್ನಾಕೆ ಮತ್ತೆ ಜೊತೆಗೆ ಬಂದಿದ್ದಳು. ನಾವು ಮುಗಿಸಿದ ಮೇಲೆ ಚಹದ ಬಟ್ಟಲು ಕೆಳಗಿಡುತ್ತ, "ಇವತ್ತು ಶ್ರುತಿ ಬೇಗ ಸೇರ್ತು ಕಣ್ರೀ" ಅಂದಳು.